ಶಿಕ್ಷಕರ ಕ್ಷೇತ್ರ: ಮತ ಯಾರಿಗೆ, ಎಣಿಕೆ ಹೇಗೆ?

ವಿಧಾನಸಭೆ ಚುನಾವಣೆಯಲ್ಲಿ ಬಂಗಾರಪೇಟೆ ಒಂದು ಕ್ಷೇತ್ರ, ಕೆಜಿಎಫ್ ಇನ್ನೊಂದು. ವಿಧಾನ ಪರಿಷತ್ತಿನ ಶಿಕ್ಷಕರ ಚುನಾವಣೆಯಲ್ಲಿ ಈ ಗಡಿ ಇರುವುದಿಲ್ಲ. ಎರಡೂ ಊರಿನ ಪ್ರೌಢಶಾಲಾ ಶಿಕ್ಷಕರು ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಜೊತೆಗೆ ದಾವಣಗೆರೆ ಜಿಲ್ಲೆಯ ಕೆಲವು ತಾಲ್ಲೂಕುಗಳೂ ಇದರಲ್ಲಿವೆ. ಇಷ್ಟು ದೊಡ್ಡ ಕ್ಷೇತ್ರಕ್ಕೆ ಸದಸ್ಯರು ಒಬ್ಬರೇ. 2024ರ ಜೂನ್ 3ರಂದು ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಡಿ.ಟಿ. ಶ್ರೀನಿವಾಸ್ ಅವರು ಆಗಿನ ಸದಸ್ಯ, ಬಿಜೆಪಿಯ ವೈ.ಎ. ನಾರಾಯಣಸ್ವಾಮಿ ಅವರನ್ನು ಸೋಲಿಸಿ ಆಯ್ಕೆಯಾದರು.

ಪರಿಷತ್ತಿನ ಒಟ್ಟು ಸದಸ್ಯರು 75. ಸ್ಥಳೀಯ ಸಂಸ್ಥೆಗಳಿಂದ 25, ವಿಧಾನಸಭಾ ಸದಸ್ಯರಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7 ಮಂದಿ ಆಯ್ಕೆಯಾಗುತ್ತಾರೆ. ಉಳಿದ 11 ಮಂದಿ ನಾಮಕರಣಗೊಳ್ಳುತ್ತಾರೆ. ಅವಧಿ 6 ವರ್ಷ. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಎಣಿಕೆಯ ಕ್ರಮ ತಿಳಿಯಬೇಕಾದರೆ ಮಕ್ಕಳೇ ಮತ ಹಾಕಬೇಕು.

ಚಟುವಟಿಕೆ ಹೀಗಿರಲಿ. 40 ಮಕ್ಕಳ ತರಗತಿ. ಶಾಲಾ ಪ್ರವಾಸಕ್ಕೆ ಮೂರು ಸ್ಥಳಗಳು: ಕೋಟಿಲಿಂಗೇಶ್ವರ, ಅಂತರಗಂಗೆ, ಆವಣಿ. ಪ್ರತಿ ಮಗುವೂ ಚೀಟಿಯಲ್ಲಿ ತನ್ನ ಇಷ್ಟದ ಕ್ರಮದಂತೆ 1, 2, 3 ಎಂದು ಬರೆಯಲಿ. ಮೊದಲ ಪ್ರಾಶಸ್ತ್ಯದ ಮತಗಳು ಕೋಟಿಲಿಂಗೇಶ್ವರಕ್ಕೆ 16, ಅಂತರಗಂಗೆಗೆ 14, ಆವಣಿಗೆ 10 ಬಂದವು ಎಂದುಕೊಳ್ಳೋಣ. ವಿಧಾನಸಭೆಯ ನಿಯಮದಂತೆ 16 ಮತ ಪಡೆದದ್ದೇ ಗೆಲ್ಲುತ್ತದೆ. ಪರಿಷತ್ತಿನ ನಿಯಮದಲ್ಲಿ ಸಿಂಧು ಮತಗಳನ್ನು 2ರಿಂದ ಭಾಗಿಸಿ 1 ಕೂಡಿಸಿದಾಗ ಬರುವ ಸಂಖ್ಯೆ, ಅಂದರೆ ಇಲ್ಲಿ 21, ಗೆಲುವಿಗೆ ಬೇಕಾದ ಕೋಟಾ. ಯಾರೂ ಅದನ್ನು ಮುಟ್ಟಿಲ್ಲ. ಆದ್ದರಿಂದ ಕೊನೆಯಲ್ಲಿರುವ ಆವಣಿಯನ್ನು ಕೈಬಿಟ್ಟು, ಅದರ 10 ಚೀಟಿಗಳಲ್ಲಿ ಎರಡನೆಯ ಪ್ರಾಶಸ್ತ್ಯ ಯಾರಿಗಿದೆ ಎಂದು ನೋಡಬೇಕು. 7 ಅಂತರಗಂಗೆಗೆ, 2 ಕೋಟಿಲಿಂಗೇಶ್ವರಕ್ಕೆ ಹೋದವು. ಒಂದರಲ್ಲಿ 1 ಮಾತ್ರ ಬರೆದಿದೆ, ಅದು ಯಾರಿಗೂ ಸೇರದು. ಈಗ ಅಂತರಗಂಗೆಗೆ 21, ಕೋಟಿಲಿಂಗೇಶ್ವರಕ್ಕೆ 18. ಅಂತರಗಂಗೆ ಗೆದ್ದಿತು.

ಅವೇ ಚೀಟಿಗಳಿಂದ ಎರಡು ನಿಯಮಗಳಲ್ಲಿ ಎರಡು ಫಲಿತಾಂಶ ಬರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಒಂದು ಚೀಟಿಯಲ್ಲಿ ಅಂಕಿಯ ಬದಲು ಸರಿ ಗುರುತು ಹಾಕಿಸಿ ನೋಡಿ: 1 ಎಂಬ ಅಂಕಿ ಇಲ್ಲದ ಮತಪತ್ರ ಅಸಿಂಧು. ಓದುಬರಹ ಬಲ್ಲ ಮತದಾರರ ಮತವೂ ಹೀಗೆ ವ್ಯರ್ಥವಾಗಬಹುದು.

ಇನ್ನು ಮತದ ಹಕ್ಕು. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿನ ಹಂತದಲ್ಲಿ ಕಲಿಸುವವರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ. ಮಗುವಿನ ಕೈಹಿಡಿದು ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲಾ ಶಿಕ್ಷಕರು ಪದವೀಧರರಾಗಿದ್ದರೆ ಪದವೀಧರರ ಕ್ಷೇತ್ರದಲ್ಲಿ ಮಾತ್ರ ಮತ ಹಾಕಬಹುದು. ಇದು ಸರಿಯೇ ಎಂಬ ಪ್ರಶ್ನೆಯನ್ನು ಚರ್ಚೆಗೆ ಬಿಡಬಹುದು. ಉತ್ತರವನ್ನು ನಾವೇ ಹೇಳಬೇಕಾಗಿಲ್ಲ.

ಪ್ರಶಿಕ್ಷಣಾರ್ಥಿಗಳಾದ ನಮಗೂ ಇದು ಸಂಬಂಧಿಸಿದ್ದೇ. ಪದವಿ ಪಡೆದು 3 ವರ್ಷ ತುಂಬಿದವರು ಪದವೀಧರರ ಪಟ್ಟಿಗೆ ನಮೂನೆ 18ರಲ್ಲಿ ಅರ್ಜಿ ಹಾಕಬಹುದು. ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ, ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ ಕಲಿಸಿದ್ದರೆ, ಶಿಕ್ಷಕರ ಪಟ್ಟಿಗೆ ನಮೂನೆ 19. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಪ್ರತಿ ಚುನಾವಣೆಗೂ ಈ ಪಟ್ಟಿಗಳನ್ನು ಹೊಸದಾಗಿ ತಯಾರಿಸುತ್ತಾರೆ. ಹಿಂದಿನ ಸಲ ಹೆಸರಿದ್ದವರೂ ಮತ್ತೆ ಅರ್ಜಿ ಕೊಡಬೇಕು.