ವನಭೋಜನದ ಬಿಡಾರಕ್ಕೆ ಸಣ್ಣ ಖುಕುರಿ

ಕಾರ್ತಿಕ ಮಾಸ ಬಂತೆಂದರೆ ಭವಾನಿಪುರಂನ ನಮ್ಮ ಹೋಟೆಲು ಬಾಂಧವರಿಗೂ ಗುಮಾಸ್ತ ಮಿತ್ರರಿಗೂ ವನಭೋಜನದ ಉತ್ಸಾಹ. ಈಚೆಗೆ ಯುವಕರಿಗೆ ನೆಲ್ಲಿಯ ಮರದಡಿಯ ಊಟವೊಂದೇ ಸಾಲದು. ಡೇರೆ ಹಾಕಿ ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆಯಬೇಕೆಂಬ ಹಂಬಲವೂ ಸೇರಿದೆ. ಅಂತಹ ಬಿಡಾರಕ್ಕೆ ನೇಪಾಳದ ಖುಕುರಿಯೊಂದನ್ನು ಕೊಳ್ಳುವುದಾದರೆ ಎಂತಹುದನ್ನು ಕೊಳ್ಳಬೇಕೆಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಕೇಳಿದವರ ಮನಸ್ಸಿನಲ್ಲಿದ್ದುದು ಮೊಳದುದ್ದದ ಗೂರ್ಖಾ ಕತ್ತಿ. ನಮ್ಮ ಉತ್ತರವೆಂದರೆ, ಚಿಕ್ಕದನ್ನು ಕೊಳ್ಳಿರಿ. ದೋಸೆ ಹೊಯ್ಯುವ, ಲೋಟ ಹಿಡಿಯುವ, ಲೆಕ್ಕ ಬರೆಯುವ ಕೈಯೇ ನಮ್ಮವರ ಆಸ್ತಿ. ಬೆರಳೊಂದು ಕೊಯ್ದರೆ ವಾರಗಟ್ಟಲೆ ಸಂಬಳಕ್ಕೆ ಸಂಚಕಾರ.

ಖುಕುರಿ ಎಂದೊಡನೆ ಯುದ್ಧದ ನೆನಪು ಬರುವುದು ಸಹಜ. 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ಗೂರ್ಖರ ಶೌರ್ಯವನ್ನು ಕಂಡ ಆಂಗ್ಲರು 1815ರಲ್ಲಿಯೇ ಅವರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಕತ್ತಿಯ ಕೀರ್ತಿಯೂ ಅವರೊಡನೆ ಲೋಕವನ್ನು ಸುತ್ತಿತು. ಒರೆಯಿಂದ ತೆಗೆದರೆ ರಕ್ತ ಕಾಣದೆ ಹಿಂತಿರುಗಿಸಬಾರದೆಂಬುದು ಮಾತ್ರ ಬರಿಯ ಕಟ್ಟುಕತೆ. ನೇಪಾಳದ ಹಳ್ಳಿಯಲ್ಲಿ ಅದು ಸೌದೆ ಸೀಳುವ, ಮಾಂಸ ಕತ್ತರಿಸುವ, ಬಿದಿರು ಕಡಿಯುವ ಮನೆಗತ್ತಿ. ನಮ್ಮ ಕೊಡಗಿನ ಒಡಿಕತ್ತಿಯನ್ನು ನೋಡಿದವರಿಗೆ ಅದರ ರೂಪ ಹೊಸದಲ್ಲ. ಎರಡರಲ್ಲಿಯೂ ಬಾಗಿನ ಒಳಮೈಗೆ ಅಲಗು. ಮುಂಭಾಗದ ತೂಕವೇ ಏಟಿಗೆ ಬಲ ಕೊಡುತ್ತದೆ.

ಅಲಗು ಐದರಿಂದ ಏಳು ಅಂಗುಲವಿದ್ದರೆ ಸಾಕು. ಡೇರೆಯ ಗೂಟ ಚೂಪು ಮಾಡಲು, ಹಗ್ಗ ಕತ್ತರಿಸಲು, ಒಣ ಸೌದೆಯನ್ನು ಚಕ್ಕೆ ಎಬ್ಬಿಸಲು ಇದಕ್ಕಿಂತ ದೊಡ್ಡದು ಬೇಡ. ಅದರಿಂದ ಮರ ಉರುಳಿಸಲಾಗದು. ಉರುಳಿಸುವ ಅಗತ್ಯವೂ ಇಲ್ಲ. ಕೊಂಡಪಲ್ಲಿಯದು ಕಾಯ್ದಿಟ್ಟ ಅರಣ್ಯ. ಅಲ್ಲಿ ಬಿಡಾರ ಹೂಡುವುದಕ್ಕೂ ಬೆಂಕಿ ಹೊತ್ತಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಸಿ ಮರಕ್ಕಂತೂ ಕೈ ಹಚ್ಚಬಾರದು. ಆ ಊರಿನ ಪ್ರಸಿದ್ಧ ಬೊಂಬೆಗಳಿಗೆ ಬೇಕಾದ ಪೊಣಿಕಿ ಮರ ಬೊಂಬೆ ಮಾಡುವವರ ಅನ್ನ.

ಈರುಳ್ಳಿ ಹೆಚ್ಚುವುದಕ್ಕೆ ಖುಕುರಿಯನ್ನು ನೆಚ್ಚಬೇಡಿರಿ. ಬೆನ್ನು ದಪ್ಪವಾದುದರಿಂದ ತರಕಾರಿ ಹೋಳಾಗುವುದಿಲ್ಲ, ಸೀಳುತ್ತದೆ. ಒರೆಯ ಹಿಂಬದಿಯಲ್ಲಿ ಎರಡು ಪುಟ್ಟ ಚೂರಿಗಳಿರುವುದುಂಟು. ಒಂದು ಹರಿತವಾದ ಕರ್ದಾ, ಸಣ್ಣ ಕೆಲಸಕ್ಕೆ. ಮತ್ತೊಂದು ಮೊಂಡಾದ ಚಕ್ಮಕ್, ಕಲ್ಲಿಗೆ ಬಡಿದು ಕಿಡಿ ಎಬ್ಬಿಸಲು ಮತ್ತು ಅಲಗನ್ನು ಸರಿಮಾಡಲು. ಆದರೂ ಅಡಿಗೆಮನೆಯ ಚಾಕುವೊಂದನ್ನು ಜೊತೆಗೆ ಒಯ್ಯುವುದೇ ಮೇಲು.

ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿರಿ. ಸಿಂಹಮುಖದ ಹಿಡಿ, ಕೆತ್ತನೆ, ಕನ್ನಡಿಯಂತಹ ಮೆರುಗು ಇವೆಲ್ಲ ಗೋಡೆಗೆ ತೂಗುಹಾಕುವ ಸರಕಿನ ಲಕ್ಷಣ. ಒಳ್ಳೆಯ ಖುಕುರಿಯನ್ನು ನೇಪಾಳದ ಕಮ್ಮಾರರು ಬಹುಮಟ್ಟಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿಯುತ್ತಾರೆ, ನಮ್ಮ ಆಟೋನಗರದ ಶೆಡ್ಡುಗಳಲ್ಲಿ ಕಾಣುವಂತಹುದೇ. ಕೆಂಡದಂತೆ ಕಾದ ಅಲಗಿನ ಅಂಚಿಗಷ್ಟೇ ಕೆಟಲಿನಿಂದ ನೀರೆರೆದು ಹದಗೊಳಿಸುವುದು ಅವರ ಕೌಶಲ. ಅಂಚು ಗಡಸು, ಬೆನ್ನು ಮೃದು. ಇದನ್ನು ಪರೀಕ್ಷಿಸಲು ಅಂಗಡಿಯವನ ಅನುಮತಿ ಪಡೆದು ಸಣ್ಣ ಅರವೊಂದನ್ನು ಆಡಿಸಿರಿ. ಬೆನ್ನಿನ ಮೇಲೆ ಅರ ಕಚ್ಚಬೇಕು, ಅಂಚಿನ ಮೇಲೆ ಜಾರಬೇಕು. ಅಂಚಿನಲ್ಲಿಯೂ ಕಚ್ಚಿದರೆ ಬಿಟ್ಟುಬಿಡಿ. ಹಿಡಿಯನ್ನು ಬಲವಾಗಿ ಅಲುಗಿಸಿ ನೋಡಿರಿ. ಮರದ್ದಾಗಲಿ ಎಮ್ಮೆಯ ಕೊಂಬಿನದಾಗಲಿ, ಲೋಹ ಕೂಡುವಲ್ಲಿ ಸಂದು ಇರಕೂಡದು. ನಿಮ್ಮ ಮುಷ್ಟಿಗೆ ಅದು ಹೊಂದಬೇಕು. ನೇಪಾಳದ ಹಿಡಿಗಳು ಕೆಲವರ ಅಂಗೈಗೆ ಕಿರಿದೆನಿಸುತ್ತವೆ.

ಒರೆಯಿಂದ ಎಳೆಯುವ ಬಗೆಯನ್ನು ಕಲಿಯದವನಿಗೆ ಕತ್ತಿ ಕೊಡಬಾರದೆಂದು ನಾವು ಹೇಳುವೆವು. ಎಡಗೈ ಒರೆಯ ಬೆನ್ನಿನ ಕಡೆ ಇರಬೇಕು, ಬೆರಳುಗಳು ಅಲಗಿನ ಕಡೆಗೆ ಸುತ್ತಿಕೊಳ್ಳಬಾರದು. ಹರಿತವಾದ ಅಲಗು ತೊಗಲನ್ನು ಸೀಳಿಕೊಂಡು ಬೆರಳಿಗೆ ಬಂದುಬಿಡುತ್ತದೆ. ಸೌದೆ ಸೀಳುವಾಗ ಕೆಳಗೊಂದು ದಿಮ್ಮಿ ಇರಲಿ, ಮೊಣಕಾಲೂರಿ ಕುಳಿತಿರಿ, ಎದುರಿಗೆ ಯಾರೂ ನಿಂತಿರಬಾರದು. ಕತ್ತಲಾದ ಮೇಲೆ ಕತ್ತಿಗೆ ವಿಶ್ರಾಂತಿ.

ಕಾನೂನಿನ ವಿಷಯವನ್ನೂ ಕೇಳಿದ್ದಾರೆ. ಶಸ್ತ್ರ ನಿಯಮಗಳಲ್ಲಿ ಖುಕುರಿಯ ಹೆಸರೇ ಇದೆ: ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗು ಶಸ್ತ್ರವರ್ಗಕ್ಕೆ ಸೇರುತ್ತದೆ. ಖುಕುರಿಯ ಹೊಟ್ಟೆ ಅಗಲವಾದುದು. ಉದ್ದವನ್ನಷ್ಟೇ ಅಲ್ಲ, ಅಗಲವನ್ನೂ ಅಳೆದು ಕೊಳ್ಳಿರಿ. ಚಿಕ್ಕದಾದರೂ ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ನಡೆಯುವುದು ಬೇಡ. ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಗಂಟಿನೊಳಗಿಡಿ.

ಸ್ಪ್ರಿಂಗಿನ ಉಕ್ಕು ತುಕ್ಕು ಹಿಡಿಯುವುದು ಬೇಗ. ಕೃಷ್ಣೆಯ ದಡದ ತೇವವಂತೂ ಕೇಳುವುದೇ ಬೇಡ. ಬಳಸಿದೊಡನೆ ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೊಗಲು ಪೂರ್ತಿ ಒಣಗಿದ ಮೇಲೆಯೇ ಒರೆಗೆ ಸೇರಿಸಿರಿ. ಸಾಣೆಯ ಚಕ್ರಕ್ಕೆ ಕೊಡಬೇಡಿರಿ. ಕಿಡಿ ಹಾರಿ ಅಂಚು ನೀಲಿಗಟ್ಟಿತೆಂದರೆ ಕಮ್ಮಾರನು ಕೊಟ್ಟ ಹದ ಹೋಯಿತು. ಸಣ್ಣ ಕೈಗಲ್ಲನ್ನು ನೀರಿನಲ್ಲಿ ನೆನೆಸಿ, ಬಾಗನ್ನು ಅನುಸರಿಸಿ ನಿಧಾನವಾಗಿ ಉಜ್ಜಿದರೆ ಅರ್ಧ ಗಂಟೆಯ ಕೆಲಸ.