ನೋವಿನ ಗುಳಿಗೆಯೂ ಮನಸ್ಸಿನ ಗುಳಿಗೆಯೂ ಒಂದೇ ಹೊಟ್ಟೆ ಸೇರಿದಾಗ

ಅಲ್ಲಾಹನು ಯಾವ ರೋಗವನ್ನೂ ಅದರ ಮದ್ದಿಲ್ಲದೆ ಇಳಿಸಿಲ್ಲ ಎಂಬ ಅರ್ಥದ ಹದೀಸನ್ನು ಜುಮಾ ಖುತ್ಬಾದಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅಬೂದಾವೂದ್ ಸಂಗ್ರಹದಲ್ಲಿರುವ ಇನ್ನೊಂದು ಹದೀಸ್ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ವೈದ್ಯಕೀಯ ಬಲ್ಲವನೆಂದು ಹೆಸರಿಲ್ಲದವನು ಮದ್ದು ಕೊಟ್ಟು ಹಾನಿಯಾದರೆ ಹೊಣೆ ಅವನದೇ ಎಂಬುದು ಅದರ ಸಾರ. ಇದು ನಕಲಿ ಡಾಕ್ಟರರಿಗೆ ಹೇಳಿದ ಮಾತು ಎಂದು ನಾವು ನಿರಾಳವಾಗಿದ್ದೇವೆ. ಆದರೆ "ನನಗಿದು ಛಲೋ ಹಿಡಿಸ್ತು, ನೀವೂ ಒಂದು ತಗೋರಿ ಖಾಲಾ" ಎಂದು ನೆರೆಮನೆಗೆ ಗುಳಿಗೆ ಕಳಿಸುವವರು ಯಾರು?

ನಮ್ಮ ಅಂಕಲಿಯ ಕಡೆ ನೋವಿನ ಗುಳಿಗೆ ಇಲ್ಲದ ಮನೆ ಕಡಿಮೆ. ಕಬ್ಬಿನ ಹಂಗಾಮು ಬಂತೆಂದರೆ ಸೊಂಟ, ಬೆನ್ನು, ಮೊಣಕಾಲು ಎಲ್ಲವೂ ಮಾತಾಡುತ್ತವೆ. ಎಲುಬಿನ ಡಾಕ್ಟರಿಗೆ ಮಿರಜಿಗೆ ಹೋಗುತ್ತೇವೆ. ನಿದ್ದೆಯಿಲ್ಲ, ಮನಸ್ಸು ಕುಗ್ಗಿದೆ ಎಂದರೆ ಬೆಳಗಾವಿಗೆ, ಅದೂ ಯಾರಿಗೂ ಹೇಳದೆ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಮಗಳ ನಿಕಾಹ್ ಮಾತುಕತೆ ನಡೆದಿದ್ದರಂತೂ ಆ ಚೀಟಿ ಕಪಾಟಿನ ಬಟ್ಟೆಗಳ ಕೆಳಗೆ ಹೋಗುತ್ತದೆ. ಅಪಾಯ ಹುಟ್ಟುವುದು ಇಲ್ಲಿಯೇ.

ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್, ಫ್ಲುಯಾಕ್ಸೆಟಿನ್ ಮುಂತಾದ ಗುಳಿಗೆಗಳು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವು ಹೆಚ್ಚು ಹೊತ್ತು ಕೆಲಸ ಮಾಡುವಂತೆ ನೋಡಿಕೊಳ್ಳುತ್ತವೆ. ಟ್ರಮಡಾಲ್ ಎಂಬ ನೋವಿನ ಮದ್ದು ನೋವನ್ನು ತಗ್ಗಿಸುವುದರ ಜೊತೆಗೆ ಇದೇ ಸೆರೊಟೋನಿನ್ನನ್ನೂ ಏರಿಸುತ್ತದೆ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಗುಳಿಗೆಯಾಗಿಯೂ ಇದು ಸಿಗುವುದರಿಂದ ಒಳಗೆ ಟ್ರಮಡಾಲ್ ಇದೆಯೆಂದು ನುಂಗುವವನಿಗೆ ತಿಳಿದಿರುವುದಿಲ್ಲ. ದುರುಪಯೋಗ ಹೆಚ್ಚಿದ್ದರಿಂದ 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕ ವಸ್ತುಗಳ ಕಾನೂನಿನಡಿ ತಂದಿತು. ಇನ್ನೊಂದು ತೊಡಕೂ ಇದೆ. ಫ್ಲುಯಾಕ್ಸೆಟಿನ್‌ನಂಥ ಕೆಲವು ಗುಳಿಗೆಗಳು ಯಕೃತ್ತಿನಲ್ಲಿ ಟ್ರಮಡಾಲಿನ ನೋವುಶಾಮಕ ಶಕ್ತಿಯನ್ನು ಕುಗ್ಗಿಸುತ್ತವೆ. ನೋವು ಇಳಿಯಲಿಲ್ಲವೆಂದು ಮನುಷ್ಯ ಎರಡನೆಯದನ್ನೂ ನುಂಗುತ್ತಾನೆ.

ಸೆರೊಟೋನಿನ್ ಅತಿಯಾದರೆ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಕೂತಲ್ಲಿ ಕೂರಲಾಗದು, ಬೆವರು ಸುರಿಯುತ್ತದೆ, ಕೈ ನಡುಗುತ್ತದೆ, ಕಾಲಿನ ಸ್ನಾಯುಗಳು ತಾವಾಗಿ ಎಳೆಯುತ್ತವೆ, ಭೇದಿ, ಎದೆ ಡವಡವ, ಮಾತು ತಪ್ಪುವುದು. ಹೆಚ್ಚಾದರೆ ಜ್ವರ ಏರಿ ಪಿಟ್ಸ್ ಬರುತ್ತದೆ. ಮನೆಯವರು ಇದನ್ನು ಏನೆಂದು ತಿಳಿಯುತ್ತಾರೆ? "ಅಸರ್ ಆಗಿದೆ, ಯಾರನ್ನಾದರೂ ಕರೆಸಿ ದಮ್ ಮಾಡಿಸೋಣ." ನಾವು ದುಆ ಬೇಡ ಎನ್ನುತ್ತಿಲ್ಲ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕೂತೂ ದುಆ ಓದಬಹುದು. ತಾವೀಜಿಗಾಗಿ ಇಡೀ ರಾತ್ರಿ ಕಾಯುವುದು ಮಾತ್ರ ಸಲ್ಲದು.

ದೊಡ್ಡ ಆಸ್ಪತ್ರೆಯೂ ಇದನ್ನು ಗುರುತಿಸದೆ ಹೋದದ್ದುಂಟು. 1984ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಝಿಯಾನ್ ಎಂಬ 18 ವರ್ಷದ ಹುಡುಗಿ ಜ್ವರದಿಂದ ಆಸ್ಪತ್ರೆ ಸೇರಿದಳು. ಆಕೆ ಫಿನೆಲ್ಜೀನ್ ಎಂಬ ಖಿನ್ನತೆಯ ಮದ್ದು ತೆಗೆದುಕೊಳ್ಳುತ್ತಿದ್ದಳು. ಅಲ್ಲಿ ಪೆಥಿಡಿನ್ ಎಂಬ ನೋವಿನ ಚುಚ್ಚುಮದ್ದು ಕೊಟ್ಟರು. ಚಡಪಡಿಕೆ ಹೆಚ್ಚಿದಾಗ ಅವಳನ್ನು ಹಾಸಿಗೆಗೆ ಕಟ್ಟಿಹಾಕಲಾಯಿತು. ಬೆಳಗಾಗುವಷ್ಟರಲ್ಲಿ ಜ್ವರ 42 ಡಿಗ್ರಿಯ ಹತ್ತಿರ ಏರಿ ಅವಳು ತೀರಿಕೊಂಡಳು. ತಂದೆ ಹೋರಾಡಿದರು. ತರಬೇತಿ ವೈದ್ಯರಿಗೆ ವಾರಕ್ಕೆ 80 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದೆಂಬ ನಿಯಮ 1989ರಲ್ಲಿ ಆ ರಾಜ್ಯದಲ್ಲಿ ಜಾರಿಗೆ ಬಂತು.

ಹೆದರಿ ಖಿನ್ನತೆಯ ಗುಳಿಗೆಯನ್ನೇ ಎಸೆಯಬೇಡಿ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ರಂಜಾನಿನಲ್ಲಿ ಇದು ಹೆಚ್ಚು. ದಿನಕ್ಕೊಂದೇ ಗುಳಿಗೆಯಾದರೆ ಅದನ್ನು ಇಫ್ತಾರಿಗೋ ಸಹರಿಗೋ ಹೊಂದಿಸಬಹುದೇ ಎಂದು ಮೊದಲೇ ಡಾಕ್ಟರರನ್ನು ಕೇಳಿ. ಆಗದಿದ್ದರೆ ಕುರ್‌ಆನ್ ರೋಗಿಗೆ ರಿಯಾಯಿತಿ ಕೊಟ್ಟಿದೆ. ಅದನ್ನು ತೆಗೆದುಕೊಳ್ಳಲು ಸಂಕೋಚವೇಕೆ? ಹೊಸದಾಗಿ ಗುಳಿಗೆ ಆರಂಭಿಸಿದ 25ರೊಳಗಿನ ಮಕ್ಕಳ ಮೇಲೆ ಮೊದಲ ಕೆಲವು ವಾರ ವಿಶೇಷ ಕಣ್ಣಿರಲಿ. ಕೆಲವರಲ್ಲಿ ಆಗ ತಳಮಳವೂ ಸಾಯುವ ಯೋಚನೆಯೂ ಹೆಚ್ಚಬಹುದು.

ನೋವಿಗೆಂದು ಎಲುಬಿನ ಡಾಕ್ಟರ್ ಬರೆದ ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಕೂಡ ಖಿನ್ನತೆಯ ಮದ್ದುಗಳೇ. ನರದ ನೋವಿಗೂ ಅವು ಕೆಲಸ ಮಾಡುತ್ತವೆ. ಮನಸ್ಸಿನ ಡಾಕ್ಟರ್ ಬೇರೊಂದನ್ನು ಬರೆದಿದ್ದರೆ ಎರಡು ಖಿನ್ನತೆಯ ಮದ್ದುಗಳು ಒಟ್ಟಾಗಿಬಿಡುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮನಸ್ಸನ್ನು ಕದಡುವುದು ಅಪರೂಪ; ಆದರೆ ಖಿನ್ನತೆಯ ಗುಳಿಗೆಯೊಂದಿಗೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಂಭವ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿ.

ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಕೆಮ್ಮಿನ ಔಷಧ ಸಹಿತ ಒಂದು ಚೀಲಕ್ಕೆ ಹಾಕಿ, ಯಾವ ಡಾಕ್ಟರರ ಬಳಿ ಹೋದರೂ ಮೇಜಿನ ಮೇಲೆ ಸುರಿಯಿರಿ. ಮೆಡಿಕಲ್ ಅಂಗಡಿಯಲ್ಲಿ "ನೋವಿನದೊಂದು ಕೊಡ್ರಿ" ಎನ್ನುವ ಮೊದಲು "ಮನಸ್ಸಿನ ಗುಳಿಗೆ ನಡೆದಿದೆ" ಎಂದೂ ಹೇಳಿ. ಮೇಲೆ ಹೇಳಿದ ಚಡಪಡಿಕೆ, ನಡುಕ ಕಂಡರೆ 108ಕ್ಕೆ ಫೋನ್ ಮಾಡಿ, ಆ ಚೀಲವನ್ನೂ ಜೊತೆಗೆ ಒಯ್ಯಿರಿ. ಮನಸ್ಸಿನ ಮಾತಿಗೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.