ಬಿಳಿ ಸೆರಗು: ಕಾಯಿಲೆಯೋ, ಸಹಜವೋ?

ಹೈಝ್ ನಿಂತಿತೋ ಇಲ್ಲವೋ ಎಂದು ತಿಳಿಯಲು ಅಂದಿನ ಮಹಿಳೆಯರು ಹತ್ತಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟು ಹ. ಆಯಿಶಾ(ರ)ರ ಬಳಿಗೆ ಕಳಿಸುತ್ತಿದ್ದರು. ಬಿಳಿ ಸ್ರಾವ ಕಾಣುವವರೆಗೆ ಅವಸರ ಬೇಡವೆಂದು ಅವರು ತಿಳಿಸುತ್ತಿದ್ದರು. ಅಂದರೆ, ಯಾವ ಬಿಳುಪನ್ನು ಕಂಡು ನಮ್ಮ ಹೆಣ್ಣುಮಕ್ಕಳು ಹೆದರುತ್ತಾರೋ ಅದೇ ಅಂದು ಶುದ್ಧಿಯ ಗುರುತಾಗಿತ್ತು.

ಬಿಳಿ ಸೆರಗು ಹೋದರೆ ಮೂಳೆ ಸವೆಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಲ್ಲ. ಬಾಯಿಗೆ ಜೊಲ್ಲು, ಕಣ್ಣಿಗೆ ನೀರು ಇರುವಂತೆ ಯೋನಿಗೂ ತನ್ನದೇ ತೇವವಿದೆ. ಗರ್ಭಕೋಶದ ಕೊರಳು ಮತ್ತು ಯೋನಿಯ ಒಳಗೋಡೆಗಳಿಂದ ಅದು ಒಸರುತ್ತದೆ. ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ; ಮೊಸರು ಹುಳಿಯಾಗುವುದೂ ಅದೇ ಆಮ್ಲದಿಂದ. ಈ ಹುಳಿಯೇ ರೋಗಾಣುಗಳನ್ನು ತಡೆಯುತ್ತದೆ. ಆದ್ದರಿಂದ ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯುವುದು ಶುಚಿತ್ವವಲ್ಲ, ಕಾವಲನ್ನು ಕಿತ್ತು ಹಾಕಿದಂತೆ. ಹೊರಭಾಗಕ್ಕೆ ನೀರಿನ ಇಸ್ತಿಂಜಾ ಸಾಕು.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುವಾಗ ದ್ರವ ಹೆಚ್ಚಾಗಿ, ಮೊಟ್ಟೆಯ ಬಿಳಿಯಂತೆ ಎಳೆಯಾಗುತ್ತದೆ. ಗರ್ಭ ನಿಲ್ಲಲು ಅನುಕೂಲವಾದ ದಿನಗಳಿವು. ಆಮೇಲೆ ಕಡಿಮೆಯಾಗಿ ಮಂದವಾಗುತ್ತದೆ. ಗರ್ಭಿಣಿಯರಲ್ಲಿ ಮತ್ತೆ ಹೆಚ್ಚು.

ಮೊಲೆಯೂಡಿಸುವ ತಾಯಂದಿರಲ್ಲಿ, ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಇಳಿದು ತೇವ ಆರುತ್ತದೆ. ಆಗ ಸಮಾಗಮ ನೋವು ಕೊಡುತ್ತದೆ. ಪತ್ನಿಗೆ ತನ್ನ ಮೇಲೆ ಪ್ರೀತಿ ಇಲ್ಲವೆಂದು ಪತಿ ಭಾವಿಸುವುದು, ಆಕೆ ಹಲ್ಲು ಕಚ್ಚಿ ಸಹಿಸುವುದು ಎರಡೂ ಬೇಡ. ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ನೀರಿನಂಶದ ಜೆಲ್ಲಿಯಿಂದ ಬಹಳ ಮಟ್ಟಿಗೆ ಸರಿಹೋಗುತ್ತದೆ. ಸಾಲದಿದ್ದರೆ ವೈದ್ಯರಲ್ಲಿ ಔಷಧಿಯಿದೆ.

ಈ ತೇವಕ್ಕಾಗಿ ನಮಾಝ್ ಬಿಡಬೇಕಾಗಿಲ್ಲ, ಗುಸ್ಲ್ ಕೂಡ ಕಡ್ಡಾಯವಲ್ಲ. ವುಝೂವಿನ ವಿವರಗಳಲ್ಲಿ, ಮುಖ್ಯವಾಗಿ ಸ್ರಾವ ಎಡೆಬಿಡದೆ ಇರುವವರ ವಿಷಯದಲ್ಲಿ, ಹನಫಿ ಮತ್ತು ಶಾಫಿಈ ಮದ್‌ಹಬ್‌ಗಳ ನಡುವೆ ವ್ಯತ್ಯಾಸಗಳಿವೆ. ನಿಮ್ಮ ಆಲಿಮರನ್ನು ಕೇಳಿ. ಬಾಯಿ ಬರದಿದ್ದರೆ ಚೀಟಿ ಬರೆದು ಕೊಡಿ.

ಆದರೆ ತುರಿಕೆಯೊಂದಿಗೆ ಒಡೆದ ಹಾಲಿನಂಥ ಸ್ರಾವ, ಮೀನಿನಂಥ ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಕೆಳಹೊಟ್ಟೆ ನೋವು ಇದ್ದರೆ ಅದು ಸೋಂಕಿನ ಲಕ್ಷಣ. ಸಮಾಗಮದ ನಂತರ ಅಥವಾ ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ರಕ್ತ ಕಂಡರಂತೂ ತಡಮಾಡಬಾರದು. ಗರ್ಭಕೋಶದ ಕ್ಯಾನ್ಸರ್ ಕೆಲವೊಮ್ಮೆ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಮಹಿಳಾ ವೈದ್ಯರಿದ್ದಾರೆ. ಜೊತೆಗೆ ಅತ್ತೆಯೋ ಅಕ್ಕನೋ ಹೋಗಲಿ.